ತೊಂಬತ್ತು ಅಂಕಿ ಕೂಗೋಕೂ ಕನ್ನಡಕ್ಕೆ ಬಾಯಿಲ್ಲವೇ?



ಕಳೆದ ನವೆಂಬರ್ ಒಂದನೇ ತಾರೀಖು. ಎಲ್ಲ ಬೀದಿಗಳಂತೆ ಶ್ರೀರಾಮಪುರದ ನಮ್ಮ ಬೀದಿಯಲ್ಲೂ ಬಾವುಟ ಏರಿತು. ಹಳದಿ ಕೆಂಪು ತೋರಣ ಕಟ್ಟಿದೆವು. ತಾಯಿ ಭುವನೇಶ್ವರಿಯ ಫೋಟೋಗೆ ಹಾರ ಹಾಕಿದೆವು. ಮೈಕು ಹಿಡಿದವರೆಲ್ಲ ಕನ್ನಡಕ್ಕಾಗಿ ಪ್ರಾಣ ಕೊಡುತ್ತೇವೆ ಅಂದರು. ಚಪ್ಪಾಳೆ ಬಿತ್ತು. ಕೇಸರಿಬಾತು ಹಂಚಿದೆವು. ಆಮೇಲೆ ಹೆಂಗಸರು ಮಕ್ಕಳಿಗೆಂದು ತಂಬೋಲಾ ಆಟ ಇಟ್ಟುಕೊಂಡಿದ್ದೆವು. ಭಾಷಣ ಬಿಗಿದ ಅದೇ ಮೈಕಿನ ಬಾಯಿಗೆ ಒಬ್ಬ ಹುಡುಗ ತನ್ನ ಮೊಬೈಲ್ ಫೋನ್ ಹಿಡಿದ. ಒಳಗಿಂದ ಒಂದು ಹೆಣ್ಣುದನಿ ಹೊರಟಿತು: "ಸೆವೆನ್ ಅಂಡ್ ನೈನ್, ಸೆವೆಂಟಿ ನೈನ್!"

ಪ್ರಾಣ ಕೊಡುತ್ತೇವೆ ಅಂದವರು ಯಾರೂ ಉಸಿರೆತ್ತಲಿಲ್ಲ. ಪ್ರಾಣ ಕೇಳಿದವರು ಯಾರು ಸ್ವಾಮಿ? ಎಪ್ಪತ್ತೊಂಬತ್ತು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು!

ನನ್ನ ಪಕ್ಕದ ಕುರ್ಚಿಯಲ್ಲಿ ನಮ್ಮ ದೊಡ್ಡಮ್ಮ ಕೂತಿದ್ದರು. ಎಪ್ಪತ್ತು ದಾಟಿದ ಜೀವ. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಇಪ್ಪತ್ತರ ಮಗ್ಗಿ ಈಗಲೂ ಬಾಯಲ್ಲಿದೆ. ಹತ್ತು ರೂಪಾಯಿ ಕೊಟ್ಟು ಒಂದು ಚೀಟಿ ತಗೊಂಡು, ಕನ್ನಡಕ ಸರಿ ಮಾಡಿಕೊಂಡು ಕೂತಿದ್ದರು. ಎದುರಿನ ಮನೆಯ ಹುಡುಗನನ್ನು ಕೇಳಿದರು, "ಏನಂದಿತಪ್ಪ ಅದು?" ಹುಡುಗ ಹೇಳಿದ, "ಸೆವೆಂಟಿ ನೈನ್ ಅಜ್ಜಿ." "ಹಂಗಂದ್ರೆ ಎಷ್ಟೋ ಮಗ?" ಹುಡುಗ ಬಾಯಿ ತೆರೆದ. ಮುಚ್ಚಿದ. ಅವನಿಗೆ ಗೊತ್ತಿಲ್ಲ! ಕನ್ನಡ ಮನೆಯ ಹುಡುಗ, ಏಳನೇ ಕ್ಲಾಸು, ಎಪ್ಪತ್ತೊಂಬತ್ತು ಅನ್ನುವ ಪದ ಅವನ ನಾಲಗೆಗೆ ಸಿಗಲಿಲ್ಲ. ಕೊನೆಗೆ ಬೆರಳಿಟ್ಟು ಚೀಟಿಯಲ್ಲಿ ತೋರಿಸಿದ. ಅಷ್ಟರಲ್ಲಿ ಆ ಯಂತ್ರದ ಹೆಂಗಸು ಇನ್ನೆರಡು ಅಂಕಿ ಕೂಗಿ ಮುಂದೆ ಹೋಗಿದ್ದಳು. ಯಂತ್ರ ಯಾರ ಅಜ್ಜಿಗೂ ಕಾಯುವುದಿಲ್ಲ.

ಮೇಲಿನ ಸಾಲಿನ ಬಹುಮಾನ ಬೇರೆಯವರ ಪಾಲಾಯಿತು. ದೊಡ್ಡಮ್ಮನ ಚೀಟಿ ಇಸಿದುಕೊಂಡು ನೋಡಿದರೆ ಆ ಸಾಲು ಎರಡು ಅಂಕಿ ಹಿಂದೆಯೇ ತುಂಬಿತ್ತು. ಹೋದದ್ದು ಒಂದು ಸ್ಟೀಲ್ ಡಬ್ಬಿ, ದೊಡ್ಡ ಆಸ್ತಿಯಲ್ಲ. ಆದರೆ ಅವರು ಚೀಟಿ ಮಡಚಿ, "ನಂಗ್ಯಾಕಪ್ಪ ಇದೆಲ್ಲ, ಇದು ಓದಿದವರ ಆಟ" ಅಂತ ಎದ್ದು ಹೋದರಲ್ಲ, ಆ ಮಾತು ನನ್ನ ಎದೆಗೆ ನಾಟಿತು. ಕನ್ನಡ ಹಬ್ಬದ ದಿನ, ಕನ್ನಡದ ಬಾವುಟದ ಕೆಳಗೆ, ಕನ್ನಡ ಒಂದನ್ನೇ ಬಲ್ಲ ಹೆಂಗಸು ತಾನು ಓದಿಲ್ಲದವಳು ಅಂದುಕೊಂಡು ಎದ್ದು ಹೋದಳು!

ಮೊದಲು ನನ್ನ ತಪ್ಪೊಪ್ಪಿಗೆ

ಬೇರೆಯವರನ್ನು ಬೈಯುವ ಮೊದಲು ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು. ದೊಡ್ಡಮ್ಮನ ಕೈಯಲ್ಲಿದ್ದ ಆ ಚೀಟಿ ಅಚ್ಚಾದದ್ದು ನನ್ನ ಪ್ರೆಸ್ಸಿನಲ್ಲಿ. ಅದರ ಮೇಲೆ ಟಾಪ್ ಲೈನ್, ಬಾಟಮ್ ಲೈನ್, ಫುಲ್ ಹೌಸ್ ಅಂತ ಇಂಗ್ಲಿಷಿನಲ್ಲಿ ಹಾಕಿದವನು ನಾನೇ. ಇಪ್ಪತ್ತು ವರ್ಷದಿಂದ ಅದೇ ಮಾಡುತ್ತಿದ್ದೇನೆ.

ನಮ್ಮ ತಂದೆಯ ಕಾಲದಲ್ಲಿ ಹೀಗಿರಲಿಲ್ಲ. ಟ್ರೆಡಲ್ ಮಷಿನ್ನಿನ ಕಾಲ ಅದು. ತಂಬೋಲಾ ಚೀಟಿ ಅಚ್ಚು ಹಾಕುವುದೆಂದರೆ ಮದುವೆ ಪತ್ರಿಕೆಗಿಂತ ಹೆಚ್ಚು ತಲೆನೋವು. ಒಂದು ಚೀಟಿಗೆ ಮೂರು ಸಾಲು, ಒಂಬತ್ತು ಕಂಬ, ಒಟ್ಟು ಇಪ್ಪತ್ತೇಳು ಮನೆ. ಸಾಲಿಗೆ ಐದೇ ಅಂಕಿ, ಚೀಟಿಗೆ ಹದಿನೈದು. ಆರು ಚೀಟಿ ಸೇರಿದರೆ ಒಂದು ಹಾಳೆ. ಹದಿನೈದಾರಲೆ ತೊಂಬತ್ತು. ಅಂದರೆ ಒಂದರಿಂದ ತೊಂಬತ್ತರವರೆಗಿನ ಪ್ರತಿ ಅಂಕಿಯೂ ಆ ಹಾಳೆಯಲ್ಲಿ ಒಂದು ಸಲ ಬರಬೇಕು, ಒಂದೇ ಸಲ ಬರಬೇಕು. ಒಂದು ಹಾಳೆಗೆ ೧೭೧ ಅಂಕಿಮೊಳೆ ಬೇಕು. ಒಂದರಿಂದ ಎಂಟರವರೆಗೆ ಒಂದೊಂದಕ್ಕೂ ೧೯ ಮೊಳೆ, ಒಂಬತ್ತಕ್ಕೆ ೧೦, ಸೊನ್ನೆಗೆ ೯. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಹತ್ತು ವರ್ಷದ ಹುಡುಗನಾಗಿ ಕೇಸಿನ ಮುಂದೆ ನಿಂತು ಎಣಿಸಿ ಕೊಟ್ಟದ್ದು. ಪಂಚಾಂಗ, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಾದ್ದರಿಂದ ನಮ್ಮಲ್ಲಿ ಕನ್ನಡ ಅಂಕಿಯ ಮೊಳೆ ಧಾರಾಳವಾಗಿತ್ತು. ತಂದೆ ಅದರಲ್ಲೇ ಜೋಡಿಸುತ್ತಿದ್ದರು. ಮೇಲೆ "ಮನೆ ತುಂಬಿದರೆ ಮೊದಲ ಬಹುಮಾನ" ಅಂತ ಕನ್ನಡದಲ್ಲಿ ಒಂದು ಸಾಲು.

ಆಮೇಲೆ ಕಂಪ್ಯೂಟರ್ ಬಂತು. ಆಫ್‌ಸೆಟ್ ಬಂತು. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಬಂದ ನಾನು ಬುದ್ಧಿವಂತನಾದೆ! ಅಂಕಿ ಕಲಸಿ ಸಾವಿರಾರು ಬೇರೆ ಬೇರೆ ಚೀಟಿ ತಯಾರಿಸುವ ಸಿದ್ಧ ಫೈಲು ಸಿಕ್ಕಿತು. ಒಂದು ಗುಂಡಿ ಒತ್ತಿದರೆ ಆಯಿತು. ಫೈಲು ಇಂಗ್ಲಿಷಿನಲ್ಲಿತ್ತು, ಇಂಗ್ಲಿಷಿನಲ್ಲೇ ಅಚ್ಚು ಹಾಕಿದೆ. ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲವೇ? ಚೆನ್ನಾಗಿ ಬರುತ್ತಿತ್ತು. ೧೯೯೮ರಲ್ಲೇ ಬರಹ ಬಂದಿತ್ತು, ಆಮೇಲೆ ನುಡಿ ಬಂತು. ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ ಎಲ್ಲವನ್ನೂ ಅದರಲ್ಲೇ ಮಾಡುತ್ತಿದ್ದೆ. ಕಂಪ್ಯೂಟರಿಗೆ ಕನ್ನಡ ಬರುತ್ತಿತ್ತು, ನನಗೆ ಮನಸ್ಸು ಬರಲಿಲ್ಲ. ಅರ್ಧ ಗಂಟೆ ಕೂತು ಆರು ಪದ ಬದಲಾಯಿಸುವ ಕೆಲಸ ಅದು. ಅರ್ಧ ಗಂಟೆ ಉಳಿಸಿದೆ, ಇಪ್ಪತ್ತು ವರ್ಷ ಕಳೆದೆ.

ಕೂಗುವ ಮಾಮ

ನಮ್ಮ ತಂದೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರೊಬ್ಬರಿದ್ದರು. ನಾವೆಲ್ಲ ಮಾಮ ಅನ್ನುತ್ತಿದ್ದೆವು. ಗಣೇಶನ ಪೆಂಡಾಲಿನಲ್ಲಿ ತಂಬೋಲಾ ಕೂಗುವ ಹಕ್ಕು ಅವರದು. ಬಟ್ಟೆ ಚೀಲದೊಳಗೆ ತೊಂಬತ್ತು ಮರದ ಬಿಲ್ಲೆ. ಕೈ ಹಾಕಿ ತೆಗೆಯುವರು, ಬೀದಿಯೆಲ್ಲ ಒಂದು ಸಲ ನೋಡುವರು, ಆಮೇಲೆ ಕೂಗುವರು. ಸುಮ್ಮನೆ ಅಂಕಿ ಹೇಳುವ ಜಾಯಮಾನವೇ ಅಲ್ಲ. "ಕುಂತಿ ಮಕ್ಕಳು, ಮಾದ್ರಿ ಮಕ್ಕಳು, ಎಲ್ಲ ಸೇರಿ ಐದು!" "ರಾಮ ಕಾಡಿಗೆ ಹೋದ, ಹದಿನಾಲ್ಕು!" "ಭಾರತದ ಪರ್ವ ಹದಿನೆಂಟು!" "ಆಕಾಶದ ನಕ್ಷತ್ರ ಇಪ್ಪತ್ತೇಳು!" "ಬಾಯ್ತುಂಬ ಹಲ್ಲು ಮೂವತ್ತೆರಡು!" ಹಲ್ಲಿಲ್ಲದ ಅಜ್ಜ ಎದುರಿಗೆ ಕೂತಿದ್ದರೆ ಅದಕ್ಕೊಂದು ನಗೆ ಬೇರೆ. "ಶಿವಶರಣರು ಪುರಾತನರು, ಅರವತ್ತಮೂರು!" "ವಿದ್ಯೆಯೆಲ್ಲ ಕಲಿತ, ಅರವತ್ತನಾಲ್ಕು!" ಐವತ್ತಾರು ಬಂದರೆ ಎದ್ದು ನಿಲ್ಲುವರು: "ಕನ್ನಡನಾಡು ಒಂದಾಯ್ತು, ಐವತ್ತಾರು!" ಎಪ್ಪತ್ತಮೂರು ಬಂದರೆ, "ಕರ್ನಾಟಕ ಅಂತ ಹೆಸರಾಯ್ತು, ಎಪ್ಪತ್ತಮೂರು!"

ನಾವು ಹುಣಸೆಬೀಜ ಇಟ್ಟು ಗುರುತು ಮಾಡುತ್ತಿದ್ದೆವು, ಚೀಟಿ ಮುಂದಿನ ಆಟಕ್ಕೂ ಆಗಲಿ ಅಂತ. ಈಗ ಯೋಚಿಸಿದರೆ ಅರ್ಥವಾಗುತ್ತದೆ: ಅದು ಆಟವೂ ಹೌದು, ಶಾಲೆಯೂ ಹೌದು. ೧೯೫೬ ಅನ್ನುವ ಇಸವಿಯನ್ನು ನಾನು ಕಲಿತದ್ದು ಮೇಷ್ಟರಿಂದಲ್ಲ, ಆ ಕೂಗಿನಿಂದ. ಬಿಹಾರದಿಂದ ಬಂದು ನಮ್ಮ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟವನ ಮಗ ಕನ್ನಡದ ಲೆಕ್ಕ ಕಲಿತದ್ದೂ ಅಲ್ಲೇ. ಯಾರೂ ಬಲವಂತ ಮಾಡಿ ಕಲಿಸಲಿಲ್ಲ. ಬಹುಮಾನ ಬೇಕಿದ್ದರೆ ಕಿವಿ ತೆರೆದಿಡಬೇಕಿತ್ತು, ಅಷ್ಟೆ.

ಯಂತ್ರ ಏನು ಕಿತ್ತುಕೊಂಡಿತು?

ಈಗ ಈ ಆಟದ ಜಾತಕ ನೋಡಿ. ಇದು ನಮ್ಮ ನೆಲದ್ದಲ್ಲ, ಒಪ್ಪಿದೆ. ಇಟಲಿಯಲ್ಲಿ ೧೫೩೦ರ ಸುಮಾರಿಗೆ ಶುರುವಾದ ಲಾಟರಿ ಇದರ ಮೂಲ ಅನ್ನುತ್ತಾರೆ. ತಂಬೋಲಾ ಅನ್ನುವ ಹೆಸರೂ ಇಟಲಿಯದೇ. ಬ್ರಿಟಿಷ್ ಪಟಾಲಮ್ಮುಗಳು ಇದನ್ನು ಹೌಸಿ ಅಂತ ಆಡಿದವು, ಅವರ ಮೆಸ್ಸು ಕ್ಲಬ್ಬುಗಳಿಂದ ನಮ್ಮ ದೇಶಕ್ಕೆ ಇಳಿಯಿತು. ಅಮೆರಿಕಾದಲ್ಲಿ ಕಾಳು ಇಟ್ಟು ಆಡುತ್ತಿದ್ದರು, ಕಾಳಿಗೆ ಅವರ ಭಾಷೆಯಲ್ಲಿ ಬೀನ್ ಅನ್ನುವುದರಿಂದ ಬೀನೋ ಅನ್ನುತ್ತಿದ್ದರು. ೧೯೨೯ರಲ್ಲಿ ಎಡ್ವಿನ್ ಲೋವ್ ಅನ್ನುವ ಆಟಿಕೆ ವ್ಯಾಪಾರಿ ಅದನ್ನು ನೋಡಿ, ಬಿಂಗೋ ಅಂತ ಹೆಸರಿಟ್ಟು ಮಾರಿದ. ಅವರ ಚೀಟಿಗೆ ಐದು ಸಾಲು ಐದು ಕಂಬ, ಅಂಕಿ ಎಪ್ಪತ್ತೈದೇ. ಇಂಗ್ಲೆಂಡಿನಲ್ಲಿ ೧೯೬೦ರ ಕಾಯ್ದೆ ಬಂದ ಮೇಲೆ ಊರೂರಲ್ಲಿ ಬಿಂಗೋ ಕ್ಲಬ್ ತೆರೆದವು. ಪಾಳುಬಿದ್ದ ಸಿನಿಮಾ ಥಿಯೇಟರುಗಳಲ್ಲಿ ಮುದುಕಿಯರು, ಫ್ಯಾಕ್ಟರಿ ಹೆಂಗಸರು ಸೇರಿ ಆಡಿದರು.

ಅಲ್ಲಿ ತಂತ್ರಜ್ಞಾನ ಏನು ಮಾಡಿತು ಕೇಳಿ. ಮೊದಲು ಚೀಲ ಹೋಗಿ ಗಾಳಿ ಊದುವ ಗಾಜಿನ ಪೆಟ್ಟಿಗೆ ಬಂತು, ಚೆಂಡುಗಳು ಕುಣಿದು ಹೊರಗೆ ಬೀಳುತ್ತಿದ್ದವು. ಆಮೇಲೆ ಚೆಂಡೂ ಹೋಯಿತು, ಕಂಪ್ಯೂಟರೇ ಅಂಕಿ ಆರಿಸಿತು. ಆಮೇಲೆ ಕೈಯಲ್ಲಿ ಹಿಡಿಯುವ ಪರದೆ ಬಂತು. ಕಾಗದದಲ್ಲಿ ಆರು ಚೀಟಿ ನೋಡಿಕೊಳ್ಳುವುದೇ ಕಷ್ಟ, ಪರದೆಯಲ್ಲಿ ಹತ್ತಾರು ಚೀಟಿ ಒಟ್ಟಿಗೆ ಆಡಬಹುದು, ಗುರುತು ಹಾಕುವ ಕೆಲಸ ಯಂತ್ರದ್ದೇ. ೨೦೦೭ರಲ್ಲಿ ಅಲ್ಲಿ ಒಳಾಂಗಣದಲ್ಲಿ ಬೀಡಿ ಸಿಗರೇಟು ನಿಷೇಧವಾಯಿತು, ಜೊತೆಗೆ ಮನೆಯಲ್ಲೇ ಕೂತು ಆಡುವ ಆನ್‌ಲೈನ್ ಬಿಂಗೋ ಬೆಳೆಯಿತು. ಕ್ಲಬ್ಬುಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಕ್ಕದಲ್ಲಿ ಕೂತು ನಗುತ್ತಿದ್ದ ಗೆಳತಿಯ ಜಾಗದಲ್ಲಿ ಒಂದು ಪರದೆ ಉಳಿಯಿತು.

ನಮ್ಮಲ್ಲಿ ಅದೇ ಕಥೆ ತಡವಾಗಿ ಬಂತು, ಬಂದದ್ದು ಮಾತ್ರ ಓಡೋಡಿ. ೨೦೨೦ರ ಲಾಕ್‌ಡೌನಿನಲ್ಲಿ ಪ್ರೆಸ್ಸಿಗೆ ಬೀಗ ಹಾಕಿ ಕೂತಿದ್ದೆ. ಜನ ವಾಟ್ಸಾಪಿನಲ್ಲಿ ಚೀಟಿ ಕಳಿಸಿ, ವಿಡಿಯೋ ಕರೆಯಲ್ಲಿ ಮುಖ ನೋಡುತ್ತ ತಂಬೋಲಾ ಆಡಿದರು. ತಪ್ಪೇನಿಲ್ಲ. ಬಾಗಿಲು ಮುಚ್ಚಿದ್ದ ಕಾಲದಲ್ಲಿ ನೆಂಟರಿಷ್ಟರು ಹಾಗಾದರೂ ಸೇರಿದರಲ್ಲ ಅಂತ ನನಗೂ ಸಂತೋಷವೇ. ಆದರೆ ಲಾಕ್‌ಡೌನ್ ಹೋಯಿತು, ಫೋನಿನ ಹೆಂಗಸು ಹೋಗಲಿಲ್ಲ. ನಾನು ನೋಡಿದ ತಂಬೋಲಾ ಆ್ಯಪ್‌ಗಳಲ್ಲಿ ಕೂಗು ಇಂಗ್ಲಿಷಿನದು, ಕೆಲವದರಲ್ಲಿ ಹಿಂದಿ. ಕನ್ನಡದ ಗುಂಡಿ ಹುಡುಕಿ ಹುಡುಕಿ ನನ್ನ ಬೆರಳು ಸವೆಯಿತು.

ಓದುಗರೇ, ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನ ಕೊಡಿ. ಚೀಲದ ಆಟದಲ್ಲಿ ಬಾಯಿ ಬೇಕು, ಕಿವಿ ಬೇಕು, ನೆನಪು ಬೇಕು. ಕೂಗುವ ಫೋನು ಬಂದಾಗ ಬಾಯಿ ಹೋಯಿತು. ತಾನೇ ಗುರುತು ಹಾಕುವ ಆ್ಯಪ್ ಬಂದಾಗ ಕಿವಿಯೂ ಹೋಯಿತು. ಈಗ ಆಡುವವನು ಅಂಕಿ ಕೇಳಬೇಕಿಲ್ಲ, ಓದಬೇಕಿಲ್ಲ, ಗೆದ್ದೆನೋ ಸೋತೆನೋ ಅಂತ ಪರದೆಯೇ ಹೇಳುತ್ತದೆ. ಮಾತು ಬೇಡವಾದ ಆಟದಲ್ಲಿ ಭಾಷೆಗೆ ಏನು ಕೆಲಸ? ಮಾತು, ನಗು, ನೆರೆಹೊರೆ ಎಲ್ಲ ತೆಗೆದ ಮೇಲೆ ಆಟದಲ್ಲಿ ಉಳಿಯುವುದು ಒಂದೇ: ಕಾಸು!

ಕಾಸು ಕೀಳಲು ಕನ್ನಡ, ಕರಾರಿಗೆ ಇಂಗ್ಲಿಷ್!

ಕಾಸಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ೨೦೨೪ರಲ್ಲಿ ನಮ್ಮ ಪ್ರೆಸ್ಸಿನಲ್ಲಿ ಕಟಿಂಗ್ ಮಷಿನ್ ನಡೆಸುತ್ತಿದ್ದ ಒಬ್ಬ ಹುಡುಗ ಮೂರು ಸಲ ಅಡ್ವಾನ್ಸ್ ಕೇಳಿದ. ತಂಗಿ ಮದುವೆ ಅಂದ. ಅಮ್ಮನ ಕಣ್ಣಿನ ಆಪರೇಷನ್ ಅಂದ. ಮೂರನೇ ಸಲ ಏನೂ ಹೇಳಲಿಲ್ಲ, ತಲೆ ತಗ್ಗಿಸಿ ನಿಂತ. ಒಂದು ದಿನ ಅವನ ಹೆಂಡತಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಪ್ರೆಸ್ಸಿಗೆ ಬಂದಳು. "ಅಣ್ಣ, ಇವರಿಗೆ ಸಂಬಳ ಕೊಡಬೇಡಿ, ನನ್ನ ಕೈಗೆ ಕೊಡಿ" ಅಂದಳು. ರಾತ್ರಿ ಎರಡು ಗಂಟೆವರೆಗೆ ಫೋನಿನಲ್ಲಿ ದುಡ್ಡಿನ ಅಂಕಿಯಾಟ ಆಡುತ್ತಿದ್ದನಂತೆ. ಒಂದು ಆಟ ಮುಗಿಯುವುದಕ್ಕೆ ಎರಡು ಮೂರು ನಿಮಿಷ. ಮಾಮ ಕೂಗುತ್ತಿದ್ದಾಗ ಒಂದು ಆಟ ಮುಗಿಯಲು ಅರ್ಧ ಗಂಟೆ, ರಾತ್ರಿಗೆ ಮೂರೇ ಆಟ, ಸೋತರೆ ಮೂವತ್ತು ರೂಪಾಯಿ. ಆಮೇಲೆ ಮಂಗಳಾರತಿ, ಮನೆಗೆ. ಫೋನಿನ ಆಟಕ್ಕೆ ಮಂಗಳಾರತಿಯೇ ಇಲ್ಲ!

ಅವನ ಫೋನ್ ತೆಗೆದುಕೊಂಡು ನೋಡಿದೆ. ನನ್ನ ರಕ್ತ ಕುದಿಯಿತು. ಯಾಕೆ ಗೊತ್ತೇ? ಕರೆಯುವ ಜಾಹೀರಾತು ಅಚ್ಚ ಕನ್ನಡದಲ್ಲಿತ್ತು! ಕಾಗುಣಿತ ತಪ್ಪಿಲ್ಲ, ಒತ್ತಕ್ಷರ ತಪ್ಪಿಲ್ಲ. ಬನ್ನಿ, ಆಡಿ, ಗೆಲ್ಲಿ ಅಂತ ಮನೆಯ ಅಣ್ಣನ ಹಾಗೆ ಕರೆಯುತ್ತಿತ್ತು. ದುಡ್ಡು ಹಾಕುವ ಗುಂಡಿಯ ಮೇಲೂ ಕನ್ನಡ. ಆದರೆ ಕರಾರು, ನಿಯಮ, ಸೋತರೆ ಏನು, ದೂರು ಯಾರಿಗೆ ಅನ್ನುವ ಪುಟಗಳೆಲ್ಲ ಇಂಗ್ಲಿಷ್, ಇರುವೆ ಸಾಲಿನಂಥ ಅಕ್ಷರ. ಬಾಗಿಲಲ್ಲಿ ಕನ್ನಡ, ಬೋನಿನೊಳಗೆ ಇಂಗ್ಲಿಷ್! ಅಂದರೆ ಇವರಿಗೆ ಕನ್ನಡ ಬರುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ನಮ್ಮ ಜೇಬಿಗೆ ಕೈ ಹಾಕಬೇಕಾದಾಗ ಕನ್ನಡ ಬರುತ್ತದೆ. ನಮ್ಮನ್ನು ನಗಿಸಲು, ನಮಗೆ ನಿಯಮ ತಿಳಿಸಲು ಬರುವುದಿಲ್ಲ!

ಸರ್ಕಾರ ಏನೂ ಮಾಡಲಿಲ್ಲವೇ ಅಂತ ಕೇಳಬಹುದು. ಮಾಡಿದೆ, ಹೇಳದಿದ್ದರೆ ಅನ್ಯಾಯ. ೨೦೦೭ರಲ್ಲಿ ನಮ್ಮ ರಾಜ್ಯ ಲಾಟರಿಯನ್ನೇ ನಿಲ್ಲಿಸಿತು. ಎಷ್ಟೋ ಮನೆ ಉಳಿಯಿತು. ೨೦೨೧ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟ ನಿಷೇಧಿಸಿದರು, ಕಂಪನಿಗಳು ಕೋರ್ಟಿಗೆ ಹೋದವು, ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ ೨೦೨೫ರಲ್ಲಿ ಸಂಸತ್ತು ಆನ್‌ಲೈನ್ ಹಣದಾಟ ನಿಷೇಧದ ಕಾಯ್ದೆ ಪಾಸು ಮಾಡಿತು, ಆಗಸ್ಟ್ ೨೨ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಅನ್ನುವ ಭೇದವಿಲ್ಲ, ಹಣ ಕಟ್ಟಿ ಹಣ ಗೆಲ್ಲುವ ಆಟ ಒಡ್ಡಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿ ಸೋತವನಿಗೆ ಶಿಕ್ಷೆಯಿಲ್ಲ. ಸ್ವಾಗತ! ಆದರೆ ನಮ್ಮ ಹುಡುಗನ ಪಾಲಿಗೆ ಒಂದು ವರ್ಷ ತಡವಾಯಿತು. ಅವನು ಈಗ ಊರು ಸೇರಿದ್ದಾನೆ, ಸಾಲದ ಕಂತು ಇನ್ನೂ ಕಟ್ಟುತ್ತಿದ್ದಾನೆ.

ಹಣದಾಟಕ್ಕೆ ಕಾನೂನು ಬಂತು. ನುಡಿ ಉಳಿಸುವ ಕೆಲಸ ಮಾತ್ರ ಪೊಲೀಸರಿಂದ ಆಗುವುದಿಲ್ಲ. ಅದು ನಮ್ಮದು, ನಿಮ್ಮದು.

ನೇಪಲ್ಸಿನವರಿಂದ ಕಲಿಯಿರಿ

ಇದು ಪರದೇಶದ ಆಟ, ಪರಭಾಷೆಯಲ್ಲೇ ಆಡಬೇಕು ಅನ್ನುವ ಮಹಾಶಯರು ಇಟಲಿಯ ನೇಪಲ್ಸ್ ಊರಿನ ಕಡೆ ನೋಡಲಿ. ಅಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಮನೆಮನೆಯಲ್ಲಿ ತಂಬೋಲಾ ಆಡುತ್ತಾರೆ. ಒಂದರಿಂದ ತೊಂಬತ್ತರವರೆಗೆ ಪ್ರತಿ ಅಂಕಿಗೂ ಅವರದೇ ಒಂದು ಅರ್ಥ ಇದೆ. ಇಪ್ಪತ್ತೆರಡು ಅಂದರೆ ಹುಚ್ಚ. ಮೂವತ್ತಮೂರು ಅಂದರೆ ಕ್ರಿಸ್ತನ ವಯಸ್ಸು. ನಲವತ್ತೇಳು ಸತ್ತವನು, ನಲವತ್ತೆಂಟು ಮಾತಾಡುವ ಸತ್ತವನು! ತೊಂಬತ್ತು ಅಂದರೆ ಭಯ. ಇದನ್ನೆಲ್ಲ ಅವರು ಕೂಗುವುದು ತಮ್ಮ ನೇಪಲ್ಸಿನ ಆಡುಮಾತಿನಲ್ಲಿ, ಇಟಲಿಯ ಪಠ್ಯಪುಸ್ತಕದ ಭಾಷೆಯಲ್ಲೂ ಅಲ್ಲ. ಇಂಗ್ಲೆಂಡಿನವರೂ ಅಷ್ಟೆ. ಹನ್ನೊಂದಕ್ಕೆ ಎರಡು ಕಾಲು, ಇಪ್ಪತ್ತೆರಡಕ್ಕೆ ಎರಡು ಬಾತುಕೋಳಿ, ಎಂಬತ್ತೆಂಟಕ್ಕೆ ಇಬ್ಬರು ದಪ್ಪ ಹೆಂಗಸರು. ಹತ್ತು ಬಂದರೆ ಅವರ ಪ್ರಧಾನಿಯ ಮನೆ ನಂಬರ್, ಪ್ರಧಾನಿ ಬದಲಾದರೆ ಕೂಗೂ ಬದಲು!

ಎರವಲು ಆಟವನ್ನು ತಮ್ಮದಾಗಿ ಮಾಡಿಕೊಂಡವರು ಅವರು. ನಮ್ಮ ಮಾಮ ಮಾಡಿದ್ದೂ ಅದನ್ನೇ, ನೇಪಲ್ಸ್ ಎಲ್ಲಿದೆ ಅಂತಲೂ ಗೊತ್ತಿಲ್ಲದೆ. ನಾವು ಏನು ಮಾಡಿದೆವು? ಸ್ವಂತ ಮಾಡಿಕೊಂಡಿದ್ದ ಆಟವನ್ನು ಮತ್ತೆ ಎರವಲು ತಂದೆವು!

ಮೂರು ತಕರಾರು, ಮೂರು ಉತ್ತರ

"ಪ್ರೆಸ್ಸಿನವನು ವ್ಯಾಪಾರ ಹೋಯಿತು ಅಂತ ಅಳುತ್ತಾನೆ" ಅನ್ನುವವರು ಇದ್ದಾರೆ. ಸ್ವಾಮಿ, ತಂಬೋಲಾ ಚೀಟಿಯಿಂದ ಯಾವ ಪ್ರೆಸ್ಸಿನವನೂ ಮಹಡಿ ಕಟ್ಟಿಲ್ಲ. ಬಿಲ್‌ಬುಕ್ಕು, ಲಗ್ನಪತ್ರಿಕೆಯ ನಡುವೆ ಅದೊಂದು ಚಿಲ್ಲರೆ ಕೆಲಸ. ಟ್ರೆಡಲ್ ಮಷಿನ್ನನ್ನು ಗುಜರಿಗೆ ಹಾಕಿದವನು ನಾನೇ. ಹೊಸದು ಬೇಡ ಅನ್ನುವವನಾಗಿದ್ದರೆ ಇಷ್ಟು ಹೊತ್ತಿಗೆ ಬಾಗಿಲು ಹಾಕಿರುತ್ತಿದ್ದೆ. ಯಂತ್ರ ಬರಲಿ. ಬರುವಾಗ ಕನ್ನಡ ಕಲಿತು ಬರಲಿ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ ದನಿ ಇವತ್ತಿನ ಸಾಮಾನ್ಯ ಫೋನಿನಲ್ಲೇ ಇದೆ. ತೊಂಬತ್ತು ಪದಗಳನ್ನು ಒಬ್ಬ ಕನ್ನಡತಿಯ ಬಾಯಲ್ಲಿ ಹೇಳಿಸಿ ಧ್ವನಿಮುದ್ರಿಸಲು ಒಂದು ಮಧ್ಯಾಹ್ನ ಸಾಕು. ಇದು ತಂತ್ರಜ್ಞಾನದ ಕೊರತೆಯಲ್ಲ, ಕೇಳುವ ಗಂಟಲಿನ ಕೊರತೆ. ನಾವು ಕೇಳಲಿಲ್ಲ, ಅವರು ಕೊಡಲಿಲ್ಲ.

"ಆಟದಲ್ಲೂ ಭಾಷೆ ಎಳೆಯಬೇಕೇ?" ಅನ್ನುವವರು ಎರಡನೆಯವರು. ಎಳೆಯಲೇಬೇಕು! ೨೦೨೪ರಲ್ಲಿ ಅಂಗಡಿ ಬೋರ್ಡಿನಲ್ಲಿ ಶೇಕಡ ೬೦ ಕನ್ನಡ ಇರಬೇಕು ಅಂತ ಕಾನೂನು ಮಾಡಿಸಿಕೊಂಡೆವು, ಸಂತೋಷ. ಬೋರ್ಡಿಗೆ ಅರವತ್ತಾದರೆ ಬಾಯಿಗೆ ಎಷ್ಟು? ಭಾಷೆ ಫೈಲಿನಲ್ಲಿ ಬದುಕುವುದಿಲ್ಲ, ಬೋರ್ಡಿನಲ್ಲೂ ಬದುಕುವುದಿಲ್ಲ. ಮಕ್ಕಳು ಜಗಳ ಆಡುವಾಗ, ಅಜ್ಜಿ ಲೆಕ್ಕ ಹಾಕುವಾಗ, ಗೆದ್ದವರು ಕೂಗುವಾಗ ಬದುಕುತ್ತದೆ. ಭಾಷೆಯೊಳಗೆ ಮೊದಲು ಸಾಯುವುದು ಅಂಕಿ. ಇವತ್ತು ತರಕಾರಿ ಅಂಗಡಿಗೆ ಹೋಗಿ ಮೂವತ್ತೊಂಬತ್ತು ರೂಪಾಯಿ ಅನ್ನಿ, ಕನ್ನಡದ ಹುಡುಗನೇ "ಎಷ್ಟು ಅಂಕಲ್, ಥರ್ಟಿ ನೈನಾ?" ಅಂತ ಕೇಳುತ್ತಾನೆ. ಕನ್ನಡದ ಲೆಕ್ಕ ಕಷ್ಟ ಅನ್ನುತ್ತೀರಾ? ಹಿಂದಿಯಲ್ಲಿ ಮೂವತ್ತೊಂಬತ್ತಕ್ಕೆ ಉನ್ತಾಲೀಸ್, ಎಪ್ಪತ್ತೊಂಬತ್ತಕ್ಕೆ ಉನಾಸಿ, ಹೆಚ್ಚುಕಡಿಮೆ ಒಂದೊಂದನ್ನೂ ಬಾಯಿಪಾಠ ಮಾಡಬೇಕು. ಕನ್ನಡದಲ್ಲಿ ಎಪ್ಪತ್ತಕ್ಕೆ ಒಂಬತ್ತು ಸೇರಿಸಿದರೆ ಎಪ್ಪತ್ತೊಂಬತ್ತು. ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟ ಹಾಗೆ. ಇಷ್ಟು ಸಲೀಸಾದ ಲೆಕ್ಕವನ್ನು ನಮ್ಮ ಮಕ್ಕಳ ಬಾಯಿಂದ ಕಿತ್ತವರು ಹೊರಗಿನವರಲ್ಲ, ಮನೆಯ ದೊಡ್ಡವರು.

"ಬೇರೆ ಭಾಷೆಯವರೂ ಆಡುತ್ತಾರಲ್ಲ, ಅವರಿಗೆ ತಿಳಿಯಬೇಡವೇ?" ಅನ್ನುವವರು ಮೂರನೆಯವರು. ತಿಳಿಯಲಿ. ಮೊದಲು ಕನ್ನಡದಲ್ಲಿ ಕೂಗಿ, ಆಮೇಲೆ ಬೇಕಿದ್ದರೆ ಇಂಗ್ಲಿಷಿನಲ್ಲೂ ಹೇಳಿ. ನಾಲ್ಕು ಆಟ ಮುಗಿಯುವಷ್ಟರಲ್ಲಿ ಅವರೂ ಕಲಿಯುತ್ತಾರೆ. ಇಸ್ತ್ರಿ ಅಂಗಡಿಯವನ ಮಗ ಕಲಿಯಲಿಲ್ಲವೇ? ಕನ್ನಡ ಕಲಿಯಿರಿ ಅಂತ ರಸ್ತೆಯಲ್ಲಿ ಗದರಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಈಗ ಏನು ಮಾಡೋಣ?

ಒಂದು: ಈ ನವೆಂಬರಿನಲ್ಲಿ ನಿಮ್ಮ ಬೀದಿಯ, ನಿಮ್ಮ ಸಂಘದ, ನಿಮ್ಮ ಅಪಾರ್ಟ್‌ಮೆಂಟಿನ ತಂಬೋಲಾವನ್ನು ಒಬ್ಬ ಮನುಷ್ಯ ಕೂಗಲಿ. ಫೋನು ಅಂಕಿ ಆರಿಸಿ ಕೊಡಲಿ, ಬೇಡ ಅನ್ನುವುದಿಲ್ಲ. ಅದರ ದನಿ ಮುಚ್ಚಿ, ಬಾಯಿ ನಮ್ಮದಿರಲಿ. ಊರಿನ ಹಿರಿಯರನ್ನು ಕೂರಿಸಿ. ಹೊಸ ಕೂಗು ಕಟ್ಟಿ. ಎಂಟು ಬಂದರೆ ಜ್ಞಾನಪೀಠ ಎಂಟು ಅನ್ನಿ. ನಲವತ್ತೊಂಬತ್ತು ಬಂದರೆ ಕನ್ನಡದ ಅಕ್ಷರಮಾಲೆ ಅನ್ನಿ. ತೊಂಬತ್ತಕ್ಕೂ ಕಟ್ಟಿ, ಈ ಪತ್ರಿಕೆಗೆ ಬರೆದು ಕಳಿಸಿ.

ಎರಡು: ಫುಲ್ ಹೌಸ್ ಬೇಡ, "ಮನೆ ತುಂಬಿತು" ಅನ್ನಿ. ಮೇಲಿನ ಸಾಲು, ನಡು ಸಾಲು, ಕೆಳ ಸಾಲು, ನಾಲ್ಕು ಮೂಲೆ, ಮೊದಲ ಐದು. ಇದರಲ್ಲಿ ಯಾವ ಪದ ನಾಲಗೆಗೆ ಭಾರ, ಹೇಳಿ ನೋಡೋಣ?

ಮೂರು: ಆ್ಯಪ್ ತಯಾರಿಸುವವರಿಗೆ ಅಭಿಪ್ರಾಯ ಬರೆಯುವ ಜಾಗ ಇರುತ್ತದೆ. ಅಲ್ಲಿ ಕನ್ನಡದ ದನಿ ಎಲ್ಲಿ ಅಂತ ಕೇಳಿ. ಒಬ್ಬ ಕೇಳಿದರೆ ಕಸ, ಸಾವಿರ ಜನ ಕೇಳಿದರೆ ಬೇಡಿಕೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಒಬ್ಬರು ಎರಡು ಭಾನುವಾರ ಕೊಟ್ಟರೆ ಬಿಡಿಗಾಸಿನ ಜೂಜಿಲ್ಲದ ಒಂದು ಕನ್ನಡ ತಂಬೋಲಾ ಸಿದ್ಧವಾಗುತ್ತದೆ. ಯಾರಿಗೆ ಕಾಯುತ್ತಿದ್ದೀರಿ?

ನಾಲ್ಕು: ಇದು ನನ್ನ ಪ್ರಾಯಶ್ಚಿತ್ತ. ತಂದೆಯ ಹಳೇ ಚೀಟಿಯ ಮಾದರಿ ಇಟ್ಟ ಟ್ರಂಕು ಅಟ್ಟದ ಮೇಲಿತ್ತು, ಇಳಿಸಿದ್ದೇನೆ. ಕನ್ನಡ ಅಂಕಿಯಲ್ಲಿ ಇನ್ನೂರು ಹಾಳೆ, ಅಂದರೆ ಸಾವಿರದ ಇನ್ನೂರು ಚೀಟಿ ಜೋಡಿಸಿ ಇಟ್ಟಿದ್ದೇನೆ. ಕನ್ನಡ ಅಂಕಿ ಮರೆತವರಿಗೆಂದು ಹಾಳೆಯ ಅಂಚಿನಲ್ಲಿ ಒಂದರಿಂದ ಹತ್ತರವರೆಗೆ ಎರಡೂ ರೂಪದಲ್ಲಿ ಹಾಕಿದ್ದೇನೆ. ಯಾವ ಸಂಘದವರೇ ಬರಲಿ, ಕಾಗದದ ಬೆಲೆ ಮಾತ್ರ ಕೊಡಲಿ. ಅಚ್ಚಿನ ಕೂಲಿ ನನ್ನದು.

ಮೊದಲ ಹಾಳೆಯ ಪ್ರೂಫನ್ನು ದೊಡ್ಡಮ್ಮನ ಮನೆಗೆ ಒಯ್ದು ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಅಂಕಿಯನ್ನು ಬಾಯಿಬಿಟ್ಟು ಓದಿದರು. ತೊಂಬತ್ತನ್ನೂ ಓದಿದರು. ಎರಡನೇ ಚೀಟಿಯಲ್ಲಿ ಬೆರಳು ನಿಲ್ಲಿಸಿ, "ಇಲ್ಲಿ ಅರವತ್ತೇಳು ಎರಡು ಸಲ ಬಂದಿದೆ ನೋಡೋ, ಎಪ್ಪತ್ತೇಳು ಎಲ್ಲೂ ಇಲ್ಲ" ಅಂದರು. ಹೌದು, ಬಂದಿತ್ತು! ಇಪ್ಪತ್ತು ವರ್ಷದ ಅನುಭವದ ನಾನು ಹಿಡಿಯದ ತಪ್ಪನ್ನು ಓದಿಲ್ಲದವಳು ಅಂದುಕೊಂಡು ಎದ್ದು ಹೋದ ಹೆಂಗಸು ಹಿಡಿದಳು. ತಿದ್ದಿ ಮತ್ತೆ ಪ್ಲೇಟ್ ಮಾಡಿಸಿದ್ದೇನೆ.

ಬರುವ ರಾಜ್ಯೋತ್ಸವಕ್ಕೆ ನಮ್ಮ ಬೀದಿಯಲ್ಲಿ ಅಂಕಿ ಕೂಗುವವರು ಅವರೇ. ನಿಮ್ಮ ಬೀದಿಯಲ್ಲಿ ಯಾರು?